ಜೋಳದ ಹೊಲದಲ್ಲಿ ನಿಂತ ಅವ್ವ

ತಂಗಿಯ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನವೇ ಇದೆಲ್ಲ ಶುರುವಾಯಿತು. ರೋಣದಲ್ಲಿ ಅಪ್ಪನ ಮನೆಯ ಪಡಸಾಲೆ ತುಂಬ ಹೆಂಗಸರು. ಜೋಗುಳ ಮುಗಿದಿತ್ತು, ಗುಗ್ಗರಿ ಹಂಚಿಯಾಗಿತ್ತು. ಅವ್ವನ ತವರು ಹೊಳೆಆಲೂರಿನಿಂದ ಬಂದಿದ್ದ ಹಿರಿಯಾಕೆಯೊಬ್ಬಳು ತೊಟ್ಟಿಲೊಳಗೆ ಬಗ್ಗಿ ನೋಡಿ ಗಲ್ಲಕ್ಕೆ ಕೈ ಹಚ್ಚಿಕೊಂಡಳು. "ಅಯ್ಯ ನಮ್ಮವ್ವಾ! ಥೇಟ್ ಅವ್ವನ ಅವ್ವ ನೋಡ್ರಿ. ಅದ ಹಣಿ, ಅದ ಮೂಗು. ಸತ್ತಾಕಿ ತಿರಗಿ ಬಂದಾಳ" ಎಂದಳು. ಪಕ್ಕದ ಮುದುಕಿಯರೂ "ಹೌದ ಬಿಡವಾ" ಎಂದು ದನಿಗೂಡಿಸಿದರು.

ತಂಗಿ ಎಲ್ಲರಿಗೂ ನಕ್ಕಳು. ಆಮೇಲೆ ಒಳಗಿನ ಕೋಣೆಗೆ ಬಂದು ನನ್ನ ಕೈ ಹಿಡಿದಳು. ಬಾಣಂತಿಯ ಕೈ, ಕೆಂಡದಂತೆ ಸುಡುತ್ತಿತ್ತು.

"ಯಕ್ಕಾ, ಊರಿಗೆಲ್ಲಾ ಗೊತ್ತೈತಿ. ನನಗೊಬ್ಬಾಕಿಗೇ ಗೊತ್ತಿಲ್ಲ. ನನ್ನ ಮಗಳ ಮುಖಾ ಯಾರದು ಅಂತ ನನಗ ಗೊತ್ತಿಲ್ಲ."

ತಂಗಿ ಹುಟ್ಟಿ ತಿಂಗಳು ತುಂಬುವುದರೊಳಗೆ ಅವ್ವ ಹೋಗಿದ್ದಳು. ನನಗಾಗ ಐದು ವರ್ಷ ಇರಬೇಕು. ನನ್ನ ನೆನಪಿನಲ್ಲಿ ಇರುವವಳು ಬೆನ್ನ ಹಿಂದಿನ ಅವ್ವ. ನನ್ನನ್ನು ಮೊಣಕಾಲ ನಡುವೆ ಕೂಡಿಸಿಕೊಂಡು ಹೆರಳು ಹಾಕುತ್ತಿದ್ದಳು. ಕೂದಲು ಜಗ್ಗಿದಾಗ ನಾನು ಚೀರುತ್ತಿದ್ದೆ, ಆಕೆ ತಲೆಗೆ ಮೊಟಕುತ್ತಿದ್ದಳು. ಆ ಬೆರಳು ಈಗಲೂ ನೆತ್ತಿಯ ಮೇಲೆ ಇವೆ. ಮುಖ ಮಾತ್ರ ಇಲ್ಲ. ಎಷ್ಟು ಸಲ ಕಣ್ಣು ಮುಚ್ಚಿ ಹುಡುಕಿದ್ದೇನೋ! ತಿರುಗಿ ನೋಡಬೇಕಿತ್ತು, ಅಷ್ಟೇ. ಐದು ವರ್ಷದ ಹುಡುಗಿಗೆ ಅದು ಹೇಗೆ ತಿಳಿಯಬೇಕು?

ನೋಡಿದವರನ್ನು ಕೇಳಿದರೂ ಪ್ರಯೋಜನವಿರಲಿಲ್ಲ. "ಲಕ್ಷಣ ಇದ್ಲವ್ವಾ" ಎನ್ನುತ್ತಾರೆ. "ಚಲುವಿ ಇದ್ಲು, ಮುತ್ತಿನಂಥಾಕಿ" ಎನ್ನುತ್ತಾರೆ. ಸತ್ತ ಹೆಂಗಸರೆಲ್ಲ ಹೀಗೆಯೇ ಮುತ್ತಿನಂಥವರೇ. ಇದರಿಂದ ಒಂದು ಹುಬ್ಬನ್ನಾದರೂ ಮೂಡಿಸಿಕೊಳ್ಳಲು ಆಗುತ್ತದೆಯೇ?

ಫೋಟೋ ಒಂದೂ ಇರಲಿಲ್ಲ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಗಟ್ಟಿಯಾಗಿ ನಂಬಿದ್ದಳು. ಮದುವೆಯಲ್ಲಿ ಸ್ಟುಡಿಯೋದವನು ಬಂದಿದ್ದನಂತೆ, ಆಕೆ ಬಾಗಿಲಿಂದಲೇ ಓಡಿಸಿದಳಂತೆ. ಅಂಥ ಅಜ್ಜಿ ತಾನು ಮಾತ್ರ ತೊಂಬತ್ತರ ಹತ್ತಿರ ಹತ್ತಿರ ಬದುಕಿ, ನಮ್ಮಿಬ್ಬರನ್ನೂ ಸಾಕಿ, ಹೋದ ವರ್ಷವಷ್ಟೇ ಕಣ್ಣು ಮುಚ್ಚಿದ್ದಳು. ಆಕೆಯದೂ ಒಂದು ಫೋಟೋ ಇಲ್ಲ. ಅದರ ಬಗ್ಗೆ ನಮಗೆ ಅಂಥ ದುಃಖವಿಲ್ಲ, ಆಕೆಯನ್ನು ಬೇಕಾದಷ್ಟು ನೋಡಿದ್ದೇವೆ.

ತೊಟ್ಟಿಲಿನ ಮಂದಿ ಹೋದ ಮೇಲೆ ತಂಗಿ ಅಳುತ್ತ ಕೂತಿದ್ದಳು. ಪಡಸಾಲೆಯ ಹಗ್ಗದ ಹೊರಸಿನ ಮೇಲೆ ಅಪ್ಪ ಇದ್ದ. ಸಕ್ಕರೆ ಕಾಯಿಲೆ ಅವನ ಕಣ್ಣು ಪೂರ್ತಿ ತಿಂದು ಆಗಲೇ ನಾಲ್ಕೈದು ವರ್ಷವಾಗಿತ್ತು. ಅಳುವ ದನಿಯ ಕಡೆ ಮುಖ ತಿರುಗಿಸಿ "ಒಂದು ಐತಿ" ಎಂದ.

"ಏನ ಐತೆಪಾ?"

"ನಿಮ್ಮವ್ವಂದು. ಸ್ಲೈಡಿನ್ಯಾಗ."

ಅಪ್ಪ ಕೃಷಿ ಖಾತೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮುಶಿಗೇರಿ, ಅಸೂಟಿ ಎಂದು ಹಳ್ಳಿ ಹಳ್ಳಿಗೆ ಹೋಗಿ, ಗುಡಿಯ ಗೋಡೆಗೆ ಬಿಳಿ ಧೋತರ ಕಟ್ಟಿ, ಪ್ರೊಜೆಕ್ಟರಿನಿಂದ ಬಣ್ಣದ ಚಿತ್ರ ಬಿಡುತ್ತಿದ್ದ. ಹತ್ತಿಯ ಹುಳ, ಜೋಳದ ರೋಗ, ಹೊಸ ತಳಿಯ ಪೈರು. ಆ ಚಿತ್ರಗಳನ್ನೂ ಅವನೇ ಆಫೀಸಿನ ಕ್ಯಾಮರಾದಿಂದ ತೆಗೆಯುತ್ತಿದ್ದ. ಬೆಂಕಿಪೆಟ್ಟಿಗೆಯಷ್ಟಗಲದ ರಟ್ಟಿನ ಚೌಕಟ್ಟು, ನಡುವೆ ಚೂರು ಫಿಲ್ಮು, ಅದಕ್ಕೇ ಸ್ಲೈಡ್ ಎನ್ನುತ್ತಿದ್ದರು. ಆಮೇಲೆ ಆ ಪದ್ಧತಿಯೇ ನಿಂತು ಹೋಯಿತು. ಆಫೀಸಿನ ಪ್ರೊಜೆಕ್ಟರು ಮೂಲೆ ಸೇರಿ ಕೊನೆಗೆ ಹರಾಜಿನಲ್ಲಿ ಹೋಯಿತು. ಯಾರಿಗೂ ಬೇಡವಾದ ಸ್ಲೈಡುಗಳನ್ನು ಅಪ್ಪ ಒಂದು ಡಬ್ಬಿಯಲ್ಲಿ ಹಾಕಿ ಟ್ರಂಕಿನ ತಳಕ್ಕೆ ಇಟ್ಟಿದ್ದ. ನಾವು ಅದನ್ನು ಹುಳದ ಡಬ್ಬಿ ಎಂದೇ ಕರೆಯುತ್ತಿದ್ದೆವು.

ಹೈಬ್ರಿಡ್ ಜೋಳ ಹೊಸದಾಗಿ ಬಂದ ಕಾಲವಂತೆ ಅದು. ನಮ್ಮ ಜವಾರಿ ಜೋಳ ಆನೆ ಹೊಕ್ಕರೂ ಕಾಣದಷ್ಟು ಎತ್ತರ, ಹೈಬ್ರಿಡ್ಡು ಗಿಡ್ಡ. ಎಷ್ಟು ಗಿಡ್ಡ ಎಂದು ರೈತರಿಗೆ ತಿಳಿಯಬೇಕೆಂದರೆ ಪಕ್ಕದಲ್ಲಿ ಒಬ್ಬರು ನಿಲ್ಲಬೇಕು. ಆ ದಿನ ಹೊಲದಲ್ಲಿ ಬೇರೆ ಯಾರೂ ಸಿಗಲಿಲ್ಲ. ಬುತ್ತಿ ತಂದಿದ್ದ ಅವ್ವನಿಗೆ ಅಪ್ಪ "ಸರಕಾರಿ ಕೆಲಸ, ಫೋಟೋ ಅಲ್ಲ ಇದು, ಅಳತಿ" ಎಂದು ಹೇಳಿ ನಿಲ್ಲಿಸಿದ. ಆಗ ಆಕೆಯ ಹೊಟ್ಟೆಯಲ್ಲಿ ತಂಗಿ ಇದ್ದಳು. ಮುಂದೆ ಬಾಣಂತನದಲ್ಲಿ ಅವ್ವ ಹೋದಾಗ ಅಜ್ಜಿ ಮಗನಿಗೆ ಒಂದೇ ಮಾತು ಅಂದಳಂತೆ: "ಫೋಟೋ ತಗದು ಕೊಂದಿ." ಅಂದಿನಿಂದ ಅಜ್ಜಿ ಇರುವ ತನಕ ಅಪ್ಪ ಆ ಚಿತ್ರದ ಸುದ್ದಿ ಮನೆಯಲ್ಲಿ ಎತ್ತಲಿಲ್ಲ. ಹೊರಗೆ ಹಳ್ಳಿಗಳಲ್ಲಿ ಮಾತ್ರ ಅದನ್ನು ವರ್ಷಗಟ್ಟಲೆ ತೋರಿಸಿದ. ಎಲ್ಲರ ಮುಂದೆ ಹೆಂಡತಿಯನ್ನು ಅಳತೆಗೋಲಿನ ಹಾಗೆ ತೋರಿಸಿ, ನಮಗೆ ಮಾತ್ರ ತೋರಿಸಲಿಲ್ಲ. ಕೇಳಿ ನನಗೆ ಸಿಟ್ಟು ಬಂತು. ಬಂದ ಸಿಟ್ಟು ಅವನ ಮುಖ ನೋಡಿ ಹಾಗೇ ಇಳಿಯಿತು.

ಡಬ್ಬಿ ತೆಗೆದೆವು. ಕಿಟಕಿಯ ಬೆಳಕಿಗೆ ಒಂದೊಂದೇ ಹಿಡಿದು ನೋಡುತ್ತ ಹೋದೆವು. ಹುಳ, ಹುಳ, ಎಲೆ, ಮತ್ತೆ ಹುಳ. ಕೊನೆಗೆ ಜೋಳ. ಬಣ್ಣ ಇಳಿದು ಎಲ್ಲ ಕುಂಕುಮದ ನೀರಿನಲ್ಲಿ ಅದ್ದಿದಂತಿತ್ತು. ನಡುವೆ ಒಂದು ದೊಡ್ಡ ತೆನೆ, ಎಡಗಡೆ ಅಂಚಿನಲ್ಲಿ ತಲೆ ತುಂಬ ಸೆರಗು ಹೊತ್ತ ಹೆಂಗಸು. ಮುಖ ಸಾಸಿವೆ ಕಾಳಿನಷ್ಟು. ಹುಳ ನೋಡಲು ಅಪ್ಪ ಇಟ್ಟುಕೊಂಡಿದ್ದ ಭೂತಗನ್ನಡಿ ಹಿಡಿದರೆ ಸಾಸಿವೆ ಜೋಳದ ಕಾಳಾಯಿತು, ಮುಖವಾಗಲಿಲ್ಲ. ಆ ಗಾಜೂ ಗೀಚು ಬಿದ್ದು ಮಂಕಾಗಿತ್ತು.

ತಂಗಿ ಆ ಚೂರನ್ನು ಎದೆಗೆ ಒತ್ತಿಕೊಂಡು, "ಇದನ್ನ ದೊಡ್ಡದು ಮಾಡಿಸೋಣಕ್ಕಾ" ಎಂದಳು.

ನರಗುಂದದ ಒಂದು ಫೋಟೋ ಅಂಗಡಿಗೆ ಕೊಟ್ಟೆವು. "ಹುಬ್ಬಳ್ಳಿ ಲ್ಯಾಬಿಗೆ ಕಳಸತೀನ್ರಿ, ಆರಾಮ ಆಕ್ಕೈತಿ" ಎಂದ ಪುಣ್ಯಾತ್ಮ. ವಾರ ಬಿಟ್ಟು ಹೋದರೆ ಲಕೋಟೆಯಲ್ಲಿ ಒಂದು ಪ್ರಿಂಟು. ಕಪ್ಪಗೆ ಇರಬೇಕಾದ್ದು ಬೆಳ್ಳಗೆ, ಬೆಳ್ಳಗಿರಬೇಕಾದ್ದು ಕಪ್ಪಗೆ. ಅವ್ವನ ಮುಖ ಇರಬೇಕಾದ ಜಾಗದಲ್ಲಿ ಹಸಿರುಗಪ್ಪು ಕಲೆ. ಸ್ಲೈಡನ್ನು ಅವರು ನೆಗೆಟಿವ್ ಎಂದು ತಿಳಿದು ಪ್ರಿಂಟು ಹಾಕಿಬಿಟ್ಟಿದ್ದರು. ತಂಗಿ ಅದನ್ನು ನೋಡಿ ಹಿಂದಕ್ಕೆ ಸರಿದಳು. ನಾನು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ಬಾಯಿಯಿಂದಲೇ ಆ ಅಂಗಡಿಯವನಿಗೆ ಏನೇನು ಅಂದೆನೋ, ಬರೆಯುವಂಥದ್ದಲ್ಲ. ಅವನು ಪಾಪ, "ಇಂಥಾದ್ದ ನಾವ್ ನೋಡೇ ಇಲ್ರೀ ಅಕ್ಕಾರ" ಎಂದು ಕೈ ಮುಗಿದ. ರೋಣದ ಕಂಪ್ಯೂಟರಿನವನ ಹತ್ತಿರವೂ ಹೋದೆವು. ಅವನ ಸ್ಕ್ಯಾನರಿನಲ್ಲಿ ಚೌಕಟ್ಟು ಕಾಣಿಸಿತು, ಒಳಗೆ ಬರೀ ಕತ್ತಲೆ.

"ಯಾರ ಕಡೆನೂ ಕೊಡಬ್ಯಾಡ್ರಿ ಅದನ್ನ. ಒಂದ ಐತಿ, ಕಳದೀತು" ಎಂದ ಅಪ್ಪ. "ಪ್ರೊಜೆಕ್ಟರ್ ತರ್ರಿ. ಗೋಡಿಮ್ಯಾಲ ಆಳಿನಷ್ಟ ಎತ್ತರ ನಿಂದರತಾಳ. ಎಷ್ಟ ಬೇಕೋ ಅಷ್ಟ ನೋಡ್ರಿ."

ಆಳಿನಷ್ಟು ಎತ್ತರ! ಆ ಮಾತು ತಂಗಿಯ ತಲೆಗೆ ಹೊಕ್ಕಿತು. ಆದರೆ ಪ್ರೊಜೆಕ್ಟರು ಎಲ್ಲಿಂದ ತರುವುದು? ಹೊಸದು ಯಾರೂ ಮಾರುತ್ತಿರಲಿಲ್ಲ. ಹಳೆಯದು ಹುಡುಕಬೇಕು, ಹಳೆಯದರಲ್ಲಿ ಚಲೋದು ಆರಿಸಬೇಕು. ಅದು ಹೇಗಿರಬೇಕು ಎಂದು ನಮಗಿಬ್ಬರಿಗೂ ಗಂಧಗಾಳಿ ಇಲ್ಲ. ಅಪ್ಪನಿಗೆ ಗೊತ್ತು, ಅಪ್ಪನಿಗೆ ಕಣ್ಣಿಲ್ಲ.

"ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ" ಎಂದು ತಾನೇ ನಕ್ಕ. ಆಮೇಲೆ ಬಿಸ್ಕಿಟಿನ ಖಾಲಿ ಡಬ್ಬಿ ತರಿಸಿ ತೊಡೆಯ ಮೇಲೆ ಇಟ್ಟುಕೊಂಡು ನಮಗೆ ಪಾಠ ಶುರು ಮಾಡಿದ. ಅಂಥ ಹುರುಪು ಅವನಲ್ಲಿ ಕಂಡು ಎಷ್ಟೋ ವರ್ಷವಾಗಿತ್ತು.

"ಇದು ಮುಂದಿನ ಮಾರಿ, ಇಲ್ಲಿ ಲೆನ್ಸು. ಇದು ಬೆನ್ನು, ಇಲ್ಲಿ ಫ್ಯಾನು. ಮದಲ ಫ್ಯಾನ ಹಚ್ಚಿ ಹಿಂದ ಅಂಗೈ ಹಿಡೀರಿ. ಗಾಳಿ ಬಡೀಬೇಕು. ಗಾಳಿ ಇಲ್ಲದ್ದ ತಂದ್ರ ಫಿಲ್ಮು ಹಪ್ಪಳಾಗತೈತಿ. ಲೆನ್ಸ ತಗದು ಬಿಸಲಿಗೆ ಹಿಡೀರಿ, ಒಳಗ ಬೂಷ್ಟ ಹಿಡದಿದ್ರ ಜೇಡನ ಬಲಿಗತೆ ಕಾಣತೈತಿ. ಮತ್ತ ಇದನ್ನ ನೆಪ್ಪಿಡ್ರಿ: ನಡುವ ಚಲೋ ಕಂಡ್ರ ಮೋಸ ಹೋಗಬ್ಯಾಡ್ರಿ. ಹಳೀ ಲೆನ್ಸು ನಡುವ ಚಲೋ ತೋರಿಸಿ ಅಂಚಿನ್ಯಾಗ ಕೈ ಕೊಡ್ತಾವ. ಅಂಚು ನೋಡ್ರಿ. ನಿಮ್ಮವ್ವ ಅಂಚಿನ್ಯಾಗ ಅದಾಳ."

ತಂಗಿ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಎಲ್ಲವನ್ನೂ ತಿರುಗಿ ಹೇಳಿದಳು.

ಮೊದಲು ಗಜೇಂದ್ರಗಡದಲ್ಲಿ ಮುಚ್ಚಿಹೋದ ಒಂದು ಟಾಕೀಜಿನಲ್ಲಿ ಇದೆ ಎಂಬ ಸುದ್ದಿ ಬಂತು. ಹೋದೆವು. ಇಂಟರ್ವಲ್ಲಿನಲ್ಲಿ ಊರ ಅಂಗಡಿಗಳ ಜಾಹೀರಾತು ಬಿಡುತ್ತಿದ್ದ ಯಂತ್ರ ಅದು, ಎಮ್ಮೆ ಕರುವಿನಷ್ಟು ಗಾತ್ರ. ಅದಕ್ಕೆ ಅಂಗೈಯಗಲದ ಗಾಜಿನ ಸ್ಲೈಡು ಬೇಕು. ನಮ್ಮದನ್ನು ಅದರ ಬಾಯಿಗೆ ಹಿಡಿದರೆ ಬಾವಿಗೆ ಬೆಲ್ಲದ ಚೂರು ಹಿಡಿದಂತಾಯಿತು. ಕಾವಲಿನ ಮುದುಕ, "ದೊಡ್ಡ ಮಷೀನ ಐತ್ರಿ, ದೊಡ್ಡದ ತೋರಸತೈತಿ, ಒಯ್ರಿ" ಎಂದು ಒತ್ತಾಯ ಮಾಡಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವನು. ಅಲ್ಲಿಂದ ಬರಿಗೈಯಲ್ಲಿ ಬಂದೆವು.

ಮುಂದೆ ನರಗುಂದದಲ್ಲಿ ಸ್ಟುಡಿಯೋ ಮುಚ್ಚಿ ಮನೆಯಲ್ಲಿದ್ದ ಒಬ್ಬ ಹಿರಿಯರ ಹತ್ತಿರ ನಮ್ಮ ಅಳತೆಯದೇ ಇದೆ ಎಂದು ತಿಳಿಯಿತು. ತಂಗಿ ಗಂಡನ ಮನೆಯಿಂದ, ಅಸೂಟಿಯಿಂದ, ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಅವರು ಮಧ್ಯಾಹ್ನದ ಬಿಸಿಲಿನಲ್ಲಿ ಬಾಗಿಲು ಕಿಟಕಿ ಮುಚ್ಚಿ, ಮಷೀನಿನ ಮೇಲಿನ ಅರಿವೆ ಬಿಚ್ಚಿದರು. ಫ್ಯಾನಿನ ಗಾಳಿ ಅಂಗೈಗೆ ಬಡಿಯಿತು. ಲೆನ್ಸಿನಲ್ಲಿ ಜೇಡನ ಬಲೆ ಇರಲಿಲ್ಲ. ತಂಗಿ ಸ್ಲೈಡು ಕೊಟ್ಟಳು.

ಗೋಡೆಯ ಮೇಲೆ ಜೋಳ ಬಂತು. ತಲೆಕೆಳಗಾಗಿ ಬಂತು. ಅವ್ವ ಮೇಲಿನಿಂದ ಕೆಳಕ್ಕೆ ಜೋತು ಬಿದ್ದಿದ್ದಳು. ತಂಗಿ "ಅಯ್ಯೋ" ಎಂದಳು. "ಗಾಬರ್ಯಾಗಬ್ಯಾಡವ್ವಾ, ಉಲ್ಟಾನ ಹಾಕಬೇಕಿದನ್ನ, ನಾ ಮರತೆ" ಎಂದು ಹಿರಿಯರು ತೆಗೆದು ತಿರುಗಿಸಿ ಹಾಕಿದರು. ಈಗ ತೆನೆ ನೆಟ್ಟಗೆ ನಿಂತಿತು. ಕುಂಬಳಕಾಯಿಯಷ್ಟು ದೊಡ್ಡ ತೆನೆ, ಬಿಡಿ ಬಿಡಿ ಕಾಳು. ಅದರ ಎಡಕ್ಕೆ, ಸುಣ್ಣದ ಗೋಡೆಯ ಅಂಚಿಗೆ, ಖರೇನೇ ಆಳಿನಷ್ಟು ಎತ್ತರದ ಹೆಂಗಸು. ಸೆರಗು ಹೊತ್ತಿದ್ದಾಳೆ. ಒಂದು ಕೈ ಹೊಟ್ಟೆಯ ಮೇಲೆ ಇದೆ, ಇನ್ನೊಂದು ಕೈ ದಂಟಿಗೆ ತಾಗಿದೆ. ಸೆರಗಿನೊಳಗೆ ಮುಖದ ಜಾಗದಲ್ಲಿ ಮಂಜು. ಕಣ್ಣು ಇರಬೇಕಾದಲ್ಲಿ ಎರಡು ನೆರಳು.

"ಸರಿ ಮಾಡ್ರಿ" ಎಂದಳು ತಂಗಿ.

ಅವರು ಲೆನ್ಸು ತಿರುಗಿಸಿದರು. ತೆನೆ ಮಸುಕಾಯಿತು, ಅವ್ವ ಇನ್ನೂ ಮಸುಕಾದಳು. ಈ ಕಡೆ ತಿರುಗಿಸಿದರು. ತೆನೆ ಮತ್ತೆ ನಿಚ್ಚಳವಾಯಿತು, ಅವ್ವ ಮೊದಲಿನ ಮಂಜಿಗೆ ಬಂದು ನಿಂತಳು. ತಂಗಿ ಅವರ ಕೈ ಸರಿಸಿ ತಾನೇ ತಿರುಗಿಸತೊಡಗಿದಳು. ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒಂದು ಹೆಜ್ಜೆ ಮುಂದೆ ಹೋಗಿ ಗೋಡೆಯ ಹತ್ತಿರ ನಿಂತು ನೋಡಿದಳು. ಹತ್ತಿರ ಹೋದಷ್ಟೂ ಮುಖ ಕರಗಿ ಬರೀ ಬೆಳಕಾಗುತ್ತಿತ್ತು.

"ನಡುವ ಐತಿ, ಅಂಚಿನ್ಯಾಗ ಇಲ್ಲ. ಲೆನ್ಸ ಹೋಗೇತ್ರಿ ನಿಮ್ದು" ಎಂದಳು.

ಹಿರಿಯರಿಗೆ ಸಿಟ್ಟು ಬಂತು. "ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ. ನನ್ನ ಮಷೀನಿಗೆ ಹೆಸರಿಡಬ್ಯಾಡ್ರಿ. ಮೂವತ್ತ ವರ್ಷ ತಾಯಿ ಹಂಗ ನೋಡ್ಕೊಂಡೇನಿ ಇದನ್ನ."

"ತಾಯಿ ಹಂಗ ನೋಡಿದ್ರ ನಮ್ಮ ತಾಯೀನ್ಯಾಕ ತೋರಸವಲ್ದ್ರೀ ಇದು?" ಎಂದೆ ನಾನು. ನನ್ನ ಬಾಯಿಯೇ ಹಾಗೆ, ಸುಮ್ಮನಿರು ಎಂದರೆ ಕೇಳುವುದಿಲ್ಲ. ಅವರು ಪ್ಲಗ್ಗು ಕಿತ್ತರು. ಅವ್ವ ಹೋದಳು. ಸ್ಲೈಡು ಕೈಗೆ ಕೊಡುವಾಗ ಮಾತ್ರ ಅವರ ಮುಖ ಸಣ್ಣದಾಗಿತ್ತು. ನೀರು ಕುಡಿದು ಹೋಗಿರೆಂದರು. ಕುಡಿಯದೆ ಬಂದೆವು.

"ಅಂಚು ಹೋಗಿತ್ತಪಾ" ಎಂದು ತಂಗಿ ಅಪ್ಪನಿಗೆ ಹೇಳಿದಾಗ, "ನಾ ಹೇಳಿದ್ನಿಲ್ಲ?" ಎಂದು ಅವನು ಗೆದ್ದವನ ಹಾಗೆ ತಲೆ ಆಡಿಸಿದ. "ಅವಸರ ಮಾಡಬ್ಯಾಡ್ರಿ. ಚಲೋದು ಸಿಗತೈತಿ. ಆಕೀ ಮುಖಾ ಸ್ವಚ್ಛ ಐತಿ. ಅಸೂಟ್ಯಾಗ ತೋರಸಿದಾಗ ಧೋತರದ ಮ್ಯಾಲ ಹ್ಯಾಂಗ ಕಂಡಿದ್ಲಂತೀ! ಕೆಲಸ ಬಿಟ್ಟು ನೋಡಕೋಂತ ನಿಂತಿದ್ದೆ."

ಎಷ್ಟು ದಿನ ಹೀಗೆ ಕಳೆದವೋ. ಸುಗ್ಗಿ ಮುಗಿದು ಬಿಸಿಲು ಬಂತು. ಕೂಸು ಬೋರಲು ಬಿತ್ತು, ಅಂಬೆಗಾಲಿಟ್ಟಿತು. ತಂಗಿ ಮಗಳ ಮುಖವನ್ನು ನೋಡುವ ರೀತಿ ನೋಡಿದರೆ ನನಗೆ ಭಯವಾಗುತ್ತಿತ್ತು. ಎತ್ತಿಕೊಂಡು ಬೆಳಕಿಗೆ ಹಿಡಿಯುತ್ತಿದ್ದಳು. ಕೂಸಿನ ಮುಖ ದಿನದಿನಕ್ಕೆ ಬದಲಾಗುತ್ತಿತ್ತು. "ಈಗ ಇವರಪ್ಪನ ಕಡೆ ಹೊಳ್ಳೇತಿ ಮುಖಾ" ಎಂದು ಅತ್ತೆ ಒಂದು ದಿನ ಅಂದರಂತೆ. ತಂಗಿ ಅವತ್ತೇ ಬಸ್ಸು ಹತ್ತಿ ರೋಣಕ್ಕೆ ಬಂದಳು. "ಇರೂ ಮುಖಾನೂ ಹೊಂಟತಕ್ಕಾ" ಎಂದಳು. ನಾನು ಏನು ಮಾಡಬಲ್ಲೆ? ಆಕೆಗೆ ಊಟ ಹಾಕಿದೆ, ಕೂಸಿಗೆ ನೀರು ಎರೆದೆ. ಮನುಷ್ಯನಿಗೆ ಕೈಲಾಗದಾಗ ಅಡಿಗೆಮನೆ ಒಂದು ಇರುತ್ತದೆ.

ಕೊನೆಗೆ ಗಜೇಂದ್ರಗಡದ ಗುಜರಿ ಅಂಗಡಿ. ಹಳೆಯ ರೇಡಿಯೋ, ಗೋಡೆ ಗಡಿಯಾರ, ಹೊಲಿಗೆ ಯಂತ್ರಗಳ ನಡುವೆ ಕೂತಿದ್ದ ಚಾಚಾ ಎರಡು ಪ್ರೊಜೆಕ್ಟರು ತೆಗೆದು ಮುಂದಿಟ್ಟ. ಒಂದು ಹೊಳೆಯುವ ಬೆಳ್ಳಿ ಬಣ್ಣದ್ದು, ಇನ್ನೊಂದು ಕರಿದು, ಮೂಲೆ ತರಚಿದ್ದು. ತಂಗಿ ಬೆಳ್ಳಿ ಬಣ್ಣದ್ದರ ಬೆನ್ನಿಗೆ ಅಂಗೈ ಹಿಡಿದು, "ಚಾಚಾ, ಗಾಳಿ ಇಲ್ಲ" ಎಂದಳು.

"ಗಾಳಿ ಯಾಕ ಬೇಕ್ರೀ ಬೇಟಿ? ಮನ್ಯಾಗ ಸೀಲಿಂಗ ಫ್ಯಾನ ಇಲ್ಲೇನು?"

ನಾನು ನಕ್ಕುಬಿಟ್ಟೆ. ತಂಗಿ ನಗಲಿಲ್ಲ. ಕರಿದಕ್ಕೆ ಕೈ ಹಿಡಿದಳು, ಗಾಳಿ ಬಡಿಯಿತು. ಲೆನ್ಸು ಬಿಚ್ಚಿ ಅಂಗಡಿಯ ಹೊರಗೆ ಬಿಸಿಲಿಗೆ ಹಿಡಿದಳು, ತಿಳಿನೀರಿನ ಹಾಗಿತ್ತು. ಬಲ್ಬು ಕರಿಗಟ್ಟಿರಲಿಲ್ಲ. ಸ್ಲೈಡು ಹಾಕಿ ನೋಡಬೇಕು ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಹೋದದ್ದು ಬರಲಿಲ್ಲ. ಚಹಾ ಬಂತು, ಕುಡಿದೆವು, ಕರೆಂಟು ಬರಲಿಲ್ಲ. ಚಾಚಾ ತಂಗಿಯ ಮುಖ ನೋಡಿ ಏನು ಅಂದುಕೊಂಡನೋ, "ಒಯ್ರಿ ಮನೀಗೆ. ಪಸಂದ ಬಂದ್ರ ಇಟಗೋರ್ರಿ, ಇಲ್ಲಾಂದ್ರ ತಂದ ಕೊಡ್ರಿ. ಮಾತಂದ್ರ ಮಾತು" ಎಂದ. ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದೆವು. ತಂಗಿ ಅದನ್ನು ಹಿಡಿದಳು, ಕೂಸನ್ನು ನಾನು ಹಿಡಿದೆ. ಹೊಂಡ ಬಂದಲ್ಲೆಲ್ಲ ಆಕೆ ಸೀಟಿನಿಂದ ಎದ್ದು ಅದನ್ನು ಎತ್ತಿ ಹಿಡಿಯುತ್ತಿದ್ದಳು.

ಮರುದಿನ ಮಧ್ಯಾಹ್ನ ಕರೆಂಟು ಇರುತ್ತದೆ ಎಂದು ತಿಳಿದುಕೊಂಡು ಪಡಸಾಲೆಯ ಕಿಟಕಿಗೆ ಕೌದಿ ಕಟ್ಟಿದೆವು. ಕೂಸು ಒಳಗೆ ಮಲಗಿತ್ತು. ಅಪ್ಪ ಬೆಳಿಗ್ಗೆಯೇ ಕ್ಷೌರದವನನ್ನು ಕರೆಸಿ ಗಡ್ಡ ತೆಗೆಸಿಕೊಂಡಿದ್ದ. ಮಡಿಸಿಟ್ಟ ಬಿಳಿ ಅಂಗಿ ಕೇಳಿ ಹಾಕಿಕೊಂಡ.

"ಎಲ್ಲಿಗೆ ಹೊಂಟೀಪಾ ಮದುಮಗನಂಗ?" ಎಂದೆ.

"ಎಲ್ಲಿಗಿಲ್ಲ" ಎಂದ. ಕಿವಿ ಕೆಂಪಾಗಿದ್ದವು. ಯಾವ ಗೋಡೆ ಎಂದು ಕೇಳಿ ಕುರ್ಚಿಯನ್ನು ಆ ಕಡೆ ತಿರುಗಿಸಿ ಹಾಕಿಸಿಕೊಂಡ. ಕೂಡುವ ಮೊದಲು ಮಷೀನನ್ನು ಮುಟ್ಟಿ ಮುಟ್ಟಿ ನೋಡಿದ. ಫ್ಯಾನಿನ ಗಾಳಿಗೆ ಕೈ ಹಿಡಿದ, ಸದ್ದಿಗೆ ಕಿವಿ ಕೊಟ್ಟ. "ಶಾಣ್ಯಾ ಹುಡಿಗ್ಯಾರದೀರಿ. ಚಲೋದ ಆರಿಸೀರಿ" ಎಂದ.

ತಂಗಿ ಸ್ಲೈಡು ಹಾಕಿದಳು. ತಲೆಕೆಳಗೆ ಹಿಡಿದೇ ಹಾಕಿದಳು, ಈ ಸಲ ತಪ್ಪಲಿಲ್ಲ. ಗೋಡೆಯ ಮೇಲೆ ಜೋಳ ಎದ್ದು ನಿಂತಿತು. ತೆನೆ ಬಂತು. ಸೆರಗು ಬಂತು. ಮುಖದ ಜಾಗದಲ್ಲಿ ಅದೇ ಮಂಜು.

ತಂಗಿ ತಿರುಗಿಸಿದಳು. ಮುಂದೆ, ಹಿಂದೆ, ಮತ್ತೆ ಮುಂದೆ. ಲೆನ್ಸು ಕೀರ್ ಕೀರ್ ಎನ್ನುತ್ತಿತ್ತು. ಮಷೀನನ್ನೇ ಹಿಂದಕ್ಕೆ ಎಳೆದಳು, ಮುಂದಕ್ಕೆ ದೂಡಿದಳು. ಆಮೇಲೆ ನೆಲಕ್ಕೆ ಕುಸಿದಳು.

"ಇದೂ ಹಾಳ! ಇದರ ಅಂಚೂ ಸತ್ತೈತಿ! ನನ್ನ ಹಣೇಬಾರದಾಗ ಇಲ್ಲಕ್ಕಾ ಆಕಿ, ಇಲ್ಲ!"

ನನಗೆ ಮೈಯೆಲ್ಲ ಉರಿಯಿತು. "ನಾಳೆನ ಒಯ್ದು ಆ ಚಾಚಾನ ಮುಂದ ಒಗದು ಬರ್ತೀನಿ. ಚಹಾ ಕುಡಿಸಿ ಟೋಪಿ ಹಾಕ್ಯಾನ" ಎಂದು ಕೂಗಿದೆ.

"ತಡೀರಿ" ಎಂದ ಅಪ್ಪ. "ಹತ್ತೀ ಕಾಯಿ ಹುಳದ್ದ ಹಾಕ್ರಿ. ಹುಳ ಎಡಕ ಅಂಚಿನ್ಯಾಗ ಐತಿ ಅದರಾಗ."

ಇಷ್ಟು ದಿನ ನಾವು ಬೇರೆ ಸ್ಲೈಡು ಹಾಕಿ ನೋಡಿರಲೇ ಇಲ್ಲ. ನಮಗೆ ಹುಳ ಬೇಕಾಗಿರಲಿಲ್ಲ, ಅವ್ವ ಬೇಕಾಗಿದ್ದಳು. ಡಬ್ಬಿ ತಡಕಾಡಿ ತೆಗೆದು ಹಾಕಿದೆ. ಎಡ ಅಂಚಿನಲ್ಲಿ ಹಸಿರು ಕಾಯಿ, ಅದರೊಳಗೆ ಅರ್ಧ ಹೊಕ್ಕ ಹುಳ.

"ಹುಳದ ಮೈಮ್ಯಾಲ ಕೂದಲಾ ಕಾಣಸ್ತಾವೇನು?"

"ಕಾಣಸ್ತಾವ."

"ಒಂದೊಂದ?"

"ಒಂದೊಂದ ಕಾಣಸ್ತಾವಪಾ."

ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ನಿಮ್ಮವ್ವಂದು ಹಾಕ್ರಿ ತಿರಗಿ" ಎಂದ. ಹಾಕಿದೆ. "ತೆನಿ ಹ್ಯಾಂಗೈತಿ?"

"ಕಾಳು ಎಣಸೂಹಂಗ ಐತಿ."

"ಆಕೀ ಹಿಂದಿನ ಜೋಳ? ಆಕೀ ಕೈಯಾಗಿನ ದಂಟು?"

ನಾನು ನೋಡಿದೆ. ಮೊದಲ ಸಲ ಅವ್ವನನ್ನು ಬಿಟ್ಟು ಅವ್ವನ ಸುತ್ತ ನೋಡಿದೆ. ಆಕೆ ಹಿಡಿದ ದಂಟು, ಹಿಂದಿನ ಎಲೆಗಳು, ದೂರದ ಬದು, ಎಲ್ಲವೂ ಆಕೆಯ ಹಾಗೆಯೇ ಮಂಜಿನಲ್ಲಿದ್ದವು. "ಎಲ್ಲಾ ಮಸುಕಪಾ" ಎಂದೆ.

"ಮಷೀನ ಚಲೋ ಐತಿ" ಎಂದ ಅಪ್ಪ.

ನಮಗೆ ತಿಳಿಯಲಿಲ್ಲ. ಅವನೇ ಹೇಳಿದ, ನಿಧಾನವಾಗಿ, ಯಾರಿಗೋ ವರದಿ ಒಪ್ಪಿಸುವವನ ಹಾಗೆ. ತೆನೆಯ ಚಿತ್ರ ಅದು. ತೆನೆ ನಿಚ್ಚಳ ಬರಬೇಕು, ಕಾಳು ಕಾಣಬೇಕು, ಇಲ್ಲದಿದ್ದರೆ ಸಾಹೇಬರು ಬೇರೆ ತೆಗೆಯಲು ಹೇಳುತ್ತಿದ್ದರು. ಅದಕ್ಕೆ ಕ್ಯಾಮರಾದ ಲೆನ್ಸನ್ನು ತೆನೆಗೇ ಹೊಂದಿಸಿದ; ಹಾಗೆ ಹೊಂದಿಸಿದರೆ ಹಿಂದೆ ದೂರ ಇದ್ದದ್ದು ಮಸುಕಾಗುತ್ತದೆ. ಅವ್ವ ತೆನೆಯ ಜೋಡಿಯೇ ಬಂದು ನಿಂತಿದ್ದಳು. ಆಕೆಯ ಸೆರಗು ತೆನೆಗೆ ಅಡ್ಡ ಬರುತ್ತಿತ್ತು.

"ಈಟ ಹಿಂದ ಸರಿ ಅಂದೆ. ಸರದ್ಲು. ಇನ್ನೂ ಈಟು ಅಂದೆ. ಹಿಂದ ಹಿಂದ ಹೋಗಿ ನಿಂತ್ಲು."

"ಅಲ್ಲಪಾ" ಎಂದಳು ತಂಗಿ. "ಸ್ವಚ್ಛ ಐತಿ ಅಂದಿ ನೀ. ಅಸೂಟ್ಯಾಗ ಕಂಡ್ಲು ಅಂದಿ. ಅಷ್ಟ ಸಲ ತೋರಿಸಿ, ಅಷ್ಟ ಸಲ ನೋಡಿ..."

"ಕಾಣತಿದ್ಲಬೇ!" ಅಪ್ಪ ಹೆಚ್ಚುಕಡಿಮೆ ಕೂಗಿದ. "ನಾ ಸುಳ್ಳ ಹೇಳೂದಿಲ್ಲ. ಕಣ್ಣು, ಮೂಗು, ಗಲ್ಲದ ಮ್ಯಾಲಿನ ಮಚ್ಚಿ, ಎಲ್ಲಾ ಕಾಣತಿತ್ತು ನನಗ. ಒಂದ ದಿನಾನೂ ಮಸಕು ಇರಲಿಲ್ಲ."

ತಂಗಿ ಗೋಡೆಯ ಕಡೆ ನೋಡಿದಳು, ಅಪ್ಪನ ಕಡೆ ನೋಡಿದಳು. ಆಕೆಯ ಸಿಟ್ಟು ಎಲ್ಲಿ ಹೋಯಿತೋ.

"ನಿನಗ ಕಾಣತಿದ್ಲಪಾ" ಎಂದಳು. "ನೀ ಆಕಿನ್ನ ಮದಲ ನೋಡಿದ್ದಿಯಲ್ಲಾ."

ಅಪ್ಪ ಕುರ್ಚಿಯ ಕೈ ಹಿಡಿದುಕೊಂಡ. ಕಣ್ಣಿದ್ದಾಗ ಅವನಿಗೆ ತಿಳಿಯದ್ದು ಕಣ್ಣು ಹೋದ ಮೇಲೆ ತಿಳಿದಿತ್ತು. ಯಾವ ಊರಿಗೆ ಹೋಗಿ ಯಾವ ಮಷೀನು ತಂದರೂ ಅವ್ವ ಮುಂದೆ ಬರುವವಳಲ್ಲ. ಹಿಂದೆ ಸರಿ ಎಂದವನು ಇಲ್ಲೇ ಕೂತಿದ್ದ.

ಫಿಲ್ಮು ಸುಟ್ಟೀತು ಎಂದು ನಾನು ಬಲ್ಬು ಆರಿಸಿದೆ. ಸ್ಲೈಡು ತೆಗೆದು ತಂಗಿಯ ಕೈಗೆ ಕೊಟ್ಟೆ. ಕಾದ ಮಷೀನು ತಣ್ಣಗಾಗುವ ತನಕ ಫ್ಯಾನು ತಿರುಗಬೇಕಾಗಿತ್ತು, ಅದು ಗರ್ ಎಂದು ತಿರುಗುತ್ತಲೇ ಇತ್ತು. ಎದುರಿಗೆ ಬರೀ ಸುಣ್ಣದ ಗೋಡೆ, ಕೌದಿಯ ಸಂದಿಯಿಂದ ಬಿದ್ದ ಒಂದು ಬಿಸಿಲ ಗೆರೆ. ಅಪ್ಪ ಫ್ಯಾನಿನ ಸದ್ದು ಕೇಳುತ್ತ ಆ ಗೋಡೆಗೆ ಮುಖ ಕೊಟ್ಟು ಕೂತಿದ್ದ.

"ಬಂದ ಮಾಡಬ್ಯಾಡ್ರಿ" ಎಂದ. "ಇನ್ನೊಂದೀಟು ಹೊತ್ತು ಇರ್ಲಿ ಆಕಿ."

ತಂಗಿ ಸ್ಲೈಡನ್ನು ಮುಷ್ಟಿಯಲ್ಲಿ ಹಿಡಿದು ಅವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

"ಅದಾಳಪಾ" ಎಂದಳು. "ನೋಡು."